ಉಚಿತವಾಗಿ ಹಂಚಿದ ತಂತ್ರಾಂಶಕ್ಕೂ ಹೆಸರಿನ ಹಕ್ಕಿದೆ: ಟ್ರೇಡ್‌ಮಾರ್ಕ್ ಮಹಾನಿಯಂತ್ರಕರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಹಾನಿಯಂತ್ರಕರು,
ಪೇಟೆಂಟ್, ವಿನ್ಯಾಸ ಮತ್ತು ಟ್ರೇಡ್‌ಮಾರ್ಕ್‌ಗಳ ಕಚೇರಿ,
ಮುಂಬಯಿ.

ವಿಷಯ: ಟ್ರೇಡ್‌ಮಾರ್ಕ್ ಅರ್ಜಿಗಳನ್ನು ಪರಿಶೀಲಿಸುವಾಗ ಮುಕ್ತ ತಂತ್ರಾಂಶಗಳ ಹೆಸರುಗಳ ಸಾರ್ವಜನಿಕ ಬಳಕೆಯನ್ನು ಗಮನಕ್ಕೆ ತೆಗೆದುಕೊಳ್ಳುವಂತೆ ಕೋರಿಕೆ.

ಮಾನ್ಯರೇ,

ನಾನು ದಾವಣಗೆರೆ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಗಣಕ ವಿಜ್ಞಾನ ಕಲಿಸುವವನು. 2014ರಲ್ಲಿ ನಾನೂ ಮೂವರು ಗೆಳೆಯರೂ ಸೇರಿ ಹಳ್ಳಿಯ ಗ್ರಂಥಾಲಯಗಳಿಗೆಂದು ಒಂದು ಸಣ್ಣ ತಂತ್ರಾಂಶವನ್ನು ಬರೆದೆವು. ಪುಸ್ತಕಗಳ ಪಟ್ಟಿ, ಎರವಲು ಪಡೆದವರ ಹೆಸರು, ಹಿಂದಿರುಗಿಸಬೇಕಾದ ದಿನ, ಇಷ್ಟನ್ನು ಕನ್ನಡದಲ್ಲಿ ಬರೆದಿಡುವ, ಹಳೆಯ ಕಂಪ್ಯೂಟರಿನಲ್ಲೂ ಇಂಟರ್ನೆಟ್ ಇಲ್ಲದೆ ನಡೆಯುವ ತಂತ್ರಾಂಶ ಅದು. ನಮ್ಮ ಸೀಮೆಯಲ್ಲಿ ಜೋಳವನ್ನು ನೆಲದೊಳಗೆ ಕೂಡಿಡುವ ಜಾಗಕ್ಕೆ ಹಿರಿಯರು ಹೇಳುತ್ತಿದ್ದ ಮಾತನ್ನೇ ಅದಕ್ಕೆ ಹೆಸರಾಗಿ ಇಟ್ಟೆವು. ಆ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಅದರ ಬಗ್ಗೆ ನಾವು ಸಲ್ಲಿಸಿರುವ ಅರ್ಜಿ ತಮ್ಮ ಇಲಾಖೆಯಲ್ಲೇ ವಿಚಾರಣೆಗೆ ಕಾದಿರುವಾಗ ಬಹಿರಂಗ ಪತ್ರದಲ್ಲಿ ಅದನ್ನು ವಾದಿಸುವುದು ಸರಿಯಲ್ಲವೆಂದು ತಿಳಿದಿದ್ದೇನೆ. ಅದೇ ಹೆಸರನ್ನು ತಮ್ಮದಾಗಿ ನೋಂದಾಯಿಸಿಕೊಂಡಿರುವ ಎದುರು ಪಕ್ಷದವರ ಹೆಸರನ್ನು ಬಿಟ್ಟಿರುವುದೂ ಇದೇ ಕಾರಣಕ್ಕೆ.

ತಂತ್ರಾಂಶದ ಮೂಲ ಕೋಡನ್ನು ಮೊದಲ ದಿನದಿಂದಲೇ ಎಲ್ಲರೂ ನೋಡುವ ಜಾಗದಲ್ಲಿ ಇಟ್ಟಿದ್ದೆವು. ಯಾರು ಬೇಕಾದರೂ ಇಳಿಸಿಕೊಳ್ಳಬಹುದಿತ್ತು, ತಿದ್ದಬಹುದಿತ್ತು, ಹಂಚಬಹುದಿತ್ತು, ಬೇಕೆಂದರೆ ಮಾರಲೂಬಹುದಿತ್ತು. ಮುಕ್ತ ತಂತ್ರಾಂಶ ಅಥವಾ ಓಪನ್ ಸೋರ್ಸ್ ಎನ್ನುವುದು ಇಂಥದ್ದನ್ನೇ. ಗ್ರಂಥಪಾಲಕರು ಒಬ್ಬರಿಂದೊಬ್ಬರಿಗೆ ಪೆನ್‌ಡ್ರೈವಿನಲ್ಲಿ ದಾಟಿಸಿಕೊಂಡೇ ಅದು ಹಬ್ಬಿತು. ನಾವು ಯಾರಿಂದಲೂ ಒಂದು ರೂಪಾಯಿ ಪಡೆಯಲಿಲ್ಲ, ಬಿಲ್ಲು ಬರೆಯಲಿಲ್ಲ, ಜಾಹೀರಾತು ಕೊಡಲಿಲ್ಲ, ಸಂಘವೆಂದು ನೋಂದಾಯಿಸಿಕೊಳ್ಳುವುದಂತೂ ನಮ್ಮ ತಲೆಗೇ ಹೊಳೆಯಲಿಲ್ಲ.

2021ರಲ್ಲಿ ಒಬ್ಬ ಗ್ರಂಥಪಾಲಕಿ ಫೋನ್ ಮಾಡಿ, "ಸರ್, ನಿಮ್ಮದಕ್ಕೂ ಈಗ ವರ್ಷಕ್ಕಿಷ್ಟು ಅಂತ ದುಡ್ಡು ಕಟ್ಟಬೇಕಂತಲ್ಲ, ಮೊದಲೇ ಹೇಳಬಾರದಿತ್ತಾ?" ಎಂದು ಕೇಳಿದರು. ಅವರ ದನಿಯಲ್ಲಿ ಸಿಟ್ಟಿಗಿಂತ ಬೇಸರವೇ ಹೆಚ್ಚಿತ್ತು. ವಿಚಾರಿಸಿದಾಗ ತಿಳಿಯಿತು: ನಮ್ಮ ಹೆಸರನ್ನೇ ಇಟ್ಟುಕೊಂಡು, ಅದೇ ಕೆಲಸ ಮಾಡುವ ಬೇರೊಂದು ತಂತ್ರಾಂಶವನ್ನು ಒಂದು ಕಂಪನಿ ಮಾರುತ್ತಿತ್ತು. ಆ ಗ್ರಂಥಪಾಲಕಿ ಅದನ್ನು ನಮ್ಮದೆಂದೇ ನಂಬಿ ಹಾಕಿಕೊಂಡಿದ್ದರು. ಎರಡು ವಾರ ಕಳೆಯುವಷ್ಟರಲ್ಲಿ ನಮ್ಮ ಮೊಬೈಲ್ ಆವೃತ್ತಿ ಆ್ಯಪ್ ಅಂಗಡಿಯಿಂದ ಮಾಯವಾಯಿತು. ಬಂದ ಇಮೇಲಿನಲ್ಲಿ ಒಂದು ಟ್ರೇಡ್‌ಮಾರ್ಕ್ ನೋಂದಣಿ ಸಂಖ್ಯೆಯಿತ್ತು, ಅದರ ಉಲ್ಲಂಘನೆ ನಮ್ಮಿಂದ ಆಗಿದೆಯೆಂಬ ಒಂದು ಸಾಲಿತ್ತು. 2014ರಿಂದ ನಾವು ಕರೆಯುತ್ತ ಬಂದ ಹೆಸರಿಗೆ 2017ರಲ್ಲಿ ಅರ್ಜಿ ಹಾಕಿದವರು ಒಡೆಯರಾಗಿದ್ದರು. "ಮುಂದೆ ಬಳಸಲಿರುವ ಹೆಸರು" ಎಂದು ತಂತ್ರಾಂಶವೂ ಅದರ ಸೇವೆಗಳೂ ಬರುವ 9 ಮತ್ತು 42ನೆಯ ವರ್ಗಗಳಲ್ಲಿ ಅವರು ಕೊಟ್ಟ ಅರ್ಜಿ ಪರೀಕ್ಷೆ ದಾಟಿ, ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾಗಿ, ತಕರಾರಿನ ನಾಲ್ಕು ತಿಂಗಳ ಗಡುವೂ ಮುಗಿದು, ಪ್ರಮಾಣಪತ್ರವಾಗಿ ಹೊರಬಿದ್ದು ಎರಡು ವರ್ಷವಾಗಿತ್ತು. ಜರ್ನಲ್ ಎಂಬುದೊಂದಿದೆ, ಅದು ವಾರಕ್ಕೊಮ್ಮೆ ಪ್ರಕಟವಾಗುತ್ತದೆ ಎಂಬುದು ನಮಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ಕಾನೂನು ನಮ್ಮನ್ನು ಪೂರ್ತಿ ಕೈಬಿಟ್ಟಿದೆ ಎಂದು ನಾನು ಹೇಳಲಾರೆ. 1999ರ ಟ್ರೇಡ್‌ಮಾರ್ಕ್ ಕಾಯಿದೆಯ 34ನೆಯ ಕಲಮು ಮೊದಲಿನಿಂದ ನಿರಂತರವಾಗಿ ಬಳಸುತ್ತಿದ್ದವರ ಬಳಕೆಗೆ ನೋಂದಾಯಿತ ಮಾಲೀಕರು ಅಡ್ಡಿ ಮಾಡುವಂತಿಲ್ಲ ಎನ್ನುತ್ತದೆ. ನೋಂದಣಿಯನ್ನೇ ರದ್ದುಪಡಿಸಿ ಎಂದು ಕೇಳಲು 57ನೆಯ ಕಲಮಿದೆ, ನಾವು ಕೇಳಿರುವುದೂ ಅದರ ಅಡಿಯಲ್ಲೇ. ಆದರೆ ಆ್ಯಪ್ ಅಂಗಡಿಯ ದೂರು ವಿಭಾಗ 34ನೆಯ ಕಲಮನ್ನು ಓದುವುದಿಲ್ಲ. ಅಲ್ಲಿ ಒಂದು ನಮೂನೆ ಇರುತ್ತದೆ, ನಮೂನೆಯಲ್ಲಿ ನೋಂದಣಿ ಸಂಖ್ಯೆಗೊಂದು ಜಾಗವಿರುತ್ತದೆ, ಸಂಖ್ಯೆ ಇರುವವರು ದೂರುದಾರರು, ಇಲ್ಲದವರು ಆರೋಪಿಗಳು. ತಮ್ಮ ಕಚೇರಿ ಕೊಡುವ ಪ್ರಮಾಣಪತ್ರ ನ್ಯಾಯಾಲಯದ ಮೆಟ್ಟಿಲು ಹತ್ತುವ ಮೊದಲೇ ಕೆಲಸ ಮುಗಿಸಿಬಿಡುತ್ತದೆ. ನಮ್ಮ ಕಡೆಯ ರೈತರಿಗೆ ಇದು ಬೇಗ ಅರ್ಥವಾಗುತ್ತದೆ. ಪಹಣಿಯಲ್ಲಿ ಮಾಲೀಕರ ಕಾಲಂ ಬೇರೆ, ಸಾಗುವಳಿ ಮಾಡುವವರ ಕಾಲಂ ಬೇರೆ. ಉಳುತ್ತಿರುವವರು ಯಾರು ಎಂಬುದನ್ನೂ ದಾಖಲೆ ಒಂದಿಷ್ಟು ಹೇಳುತ್ತದೆ. ಹೆಸರುಗಳ ವಹಿಯಲ್ಲಿ ಮಾಲೀಕರ ಕಾಲಂ ಮಾತ್ರ ಇದೆ.

ಇದು ನಮ್ಮೊಬ್ಬರ ಸಂಕಟವಾಗಿದ್ದರೆ ಬಹಿರಂಗ ಪತ್ರದ ಅಗತ್ಯವಿರಲಿಲ್ಲ. ಮುಕ್ತ ತಂತ್ರಾಂಶದ ಇಡೀ ವ್ಯವಸ್ಥೆಯಲ್ಲಿ ಹೆಸರಿಗಿರುವ ಸ್ಥಾನವೇ ಬೇರೆ ಎಂಬುದನ್ನು ತಮ್ಮ ಪರೀಕ್ಷಕರ ಗಮನಕ್ಕೆ ತರುವುದೇ ನನ್ನ ಉದ್ದೇಶ. ನಾವು ಕೋಡನ್ನು ಲೋಕಕ್ಕೆ ಕೊಡುತ್ತೇವೆ, ಹೆಸರನ್ನು ಕೊಡುವುದಿಲ್ಲ, ಕೊಡಲೂಬಾರದು. ಓಪನ್ ಸೋರ್ಸ್ ಎಂದರೇನು ಎಂಬುದಕ್ಕೆ ಜಗತ್ತು ಒಪ್ಪಿರುವ ವ್ಯಾಖ್ಯೆಯ ನಾಲ್ಕನೆಯ ಅಂಶವೇ, ತಿದ್ದಿದ ಆವೃತ್ತಿಗೆ ಬೇರೆ ಹೆಸರನ್ನೋ ಬೇರೆ ಆವೃತ್ತಿ ಸಂಖ್ಯೆಯನ್ನೋ ಇಡಬೇಕೆಂದು ಪರವಾನಗಿ ಷರತ್ತು ಹಾಕಬಹುದು ಎನ್ನುತ್ತದೆ. ಮುಕ್ತ ತಂತ್ರಾಂಶಗಳನ್ನು ಹಂಚಲು ಬಳಸುವ 2004ರ ಅಪಾಚೆ ಪರವಾನಗಿಯ ಆರನೆಯ ಕಲಮು ಹೆಸರು ಮತ್ತು ಟ್ರೇಡ್‌ಮಾರ್ಕ್ ಬಳಸುವ ಅನುಮತಿಯನ್ನು ಈ ಪರವಾನಗಿ ಕೊಡುವುದಿಲ್ಲವೆಂದು ಬಿಡಿಸಿ ಹೇಳಿದೆ. ಕಾರಣ ಸರಳವಾದದ್ದು. ಯಾರು ಬೇಕಾದರೂ ತಿದ್ದಬಹುದಾದ ಕೋಡಿನಲ್ಲಿ ಒಳ್ಳೆಯದನ್ನೂ ಸೇರಿಸಬಹುದು, ಕದಿಯುವ ಸಾಲುಗಳನ್ನೂ ಸೇರಿಸಬಹುದು. ಕೋಡು ಓದಲು ಬಾರದ ಗ್ರಂಥಪಾಲಕಿಯೊಬ್ಬರಿಗೆ ಇದು ಆ ನಾಲ್ವರು ಮೇಷ್ಟ್ರುಗಳು ಕೈಯಾರೆ ನೋಡಿ ಕಳಿಸಿದ್ದು ಎಂದು ಹೇಳುವ ಗುರುತು ಹೆಸರೊಂದೇ. ಉಳಿದೆಲ್ಲವನ್ನೂ ಬಿಟ್ಟುಕೊಟ್ಟವರ ಕೈಯಲ್ಲಿ ಉಳಿದಿರುವ ಏಕೈಕ ವಸ್ತು ಅದು.

ಜನ ಕೋಡಿನ ಹಿಂದೆ ಹೋಗುವುದಿಲ್ಲ, ಹೆಸರಿನ ಹಿಂದೆ ಹೋಗುತ್ತಾರೆ ಎಂಬುದಕ್ಕೆ ಕಚೇರಿಯ ಪತ್ರ, ಲೆಕ್ಕಪಟ್ಟಿ ತಯಾರಿಸುವ ಓಪನ್ ಆಫೀಸ್ ಎಂಬ ಮುಕ್ತ ತಂತ್ರಾಂಶದ ಕತೆ ಸಾಕು. ಅದನ್ನು ನಡೆಸುತ್ತಿದ್ದ ಸನ್ ಕಂಪನಿಯನ್ನು ಒರಾಕಲ್ ಕಂಪನಿ 2010ರಲ್ಲಿ ಕೊಂಡ ಮೇಲೆ ಆ ತಂತ್ರಾಂಶವನ್ನು ಕಟ್ಟುತ್ತಿದ್ದವರಲ್ಲಿ ಅನೇಕರು ಹೊರಬಂದು, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಡಾಕ್ಯುಮೆಂಟ್ ಫೌಂಡೇಶನ್ ಸ್ಥಾಪಿಸಿದರು. ಹಳೆಯ ಹೆಸರನ್ನು ತಮಗೆ ಬಿಟ್ಟುಕೊಡಿ ಎಂದು ಅವರು ಕೇಳಿದರೂ ಅದು ಸಿಗಲಿಲ್ಲ. ತಾತ್ಕಾಲಿಕವೆಂದು ಇಟ್ಟುಕೊಂಡ ಲಿಬ್ರೆ ಆಫೀಸ್ ಎಂಬ ಹೆಸರೇ ಕಾಯಂ ಆಯಿತು. ಹಳೆಯ ಹೆಸರು 2011ರಲ್ಲಿ ಅಪಾಚೆ ಸಾಫ್ಟ್‌ವೇರ್ ಫೌಂಡೇಶನ್ನಿಗೆ ಹೋಯಿತು. ಕೆಲಸಗಾರರು ಒಂದು ಮನೆಗೆ, ನಾಮಫಲಕ ಇನ್ನೊಂದು ಮನೆಗೆ. ಓಪನ್ ಆಫೀಸ್ 2014ರಲ್ಲಿ 4.1ಕ್ಕೆ ಬಂದು ಅದರ ಸಣ್ಣ ತಿದ್ದುಪಡಿಗಳಲ್ಲೇ ನಿಂತಿದೆ; ಲಿಬ್ರೆ ಆಫೀಸ್ ವರ್ಷವರ್ಷವೂ ಬೆಳೆದಿದೆ, ಕನ್ನಡದಲ್ಲೂ ದೊರೆಯುತ್ತದೆ. ಇಷ್ಟಾದರೂ ನಮ್ಮ ಕಾಲೇಜಿನ ಕಚೇರಿಗೆ ಹೊಸ ಕಂಪ್ಯೂಟರ್ ಬಂದಾಗ ಗುಮಾಸ್ತರು ಹುಡುಕುವುದು ಹದಿನೈದು ವರ್ಷದ ಹಿಂದೆ ಕೇಳಿದ ಹಳೆಯ ಹೆಸರನ್ನೇ. ಅಲ್ಲಿ ಯಾರೂ ಮೋಸ ಮಾಡಲಿಲ್ಲ, ಅಪಾಚೆಯವರು ಸಜ್ಜನರೇ. ಆದರೂ ಹೆಸರು ಕೆಲಸದಿಂದ ಬೇರ್ಪಟ್ಟದ್ದರಿಂದ ಬಳಕೆದಾರರು ದಾರಿ ತಪ್ಪಿದರು. ಮೋಸ ಮಾಡಬೇಕೆಂದೇ ಬರುವವರ ಕೈಗೆ ಹೆಸರು ಸಿಕ್ಕಿದರೆ ಏನಾಗಬಹುದು ಎಂಬುದನ್ನು ತಾವೇ ಯೋಚಿಸಬೇಕು.

ಹಾಗೆ ಸಿಕ್ಕಿದ್ದೂ ಉಂಟು. ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ಲೋಕಕ್ಕೆ ಬಿಟ್ಟ, ಕಂಪ್ಯೂಟರನ್ನೇ ನಡೆಸುವ ಮೂಲ ತಂತ್ರಾಂಶವಾದ ಲಿನಕ್ಸ್‌ನ ಹೆಸರಿಗೆ ಅಮೆರಿಕದಲ್ಲಿ 1994ರಲ್ಲಿ ಅರ್ಜಿ ಹಾಕಿದವರು ಲಿನಕ್ಸ್ ಬರೆಯುವುದರಲ್ಲಿ ಯಾವ ಪಾತ್ರವೂ ಇಲ್ಲದ ಒಬ್ಬ ವ್ಯಕ್ತಿ. 1995ರಲ್ಲಿ ನೋಂದಣಿಯೂ ಆಯಿತು. ಮರುವರ್ಷ ಲಿನಕ್ಸ್ ಸಂಬಂಧದ ವ್ಯವಹಾರ ಮಾಡುತ್ತಿದ್ದವರಿಗೆ ಹೆಸರು ಬಳಸಿದ್ದಕ್ಕೆ ಹಣ ಕೇಳುವ ಪತ್ರಗಳು ಹೋದವು. ಅವರೆಲ್ಲ ಒಟ್ಟುಗೂಡಿ ನೋಂದಣಿ ರದ್ದತಿಗೆ ಅರ್ಜಿ ಹಾಕಿ, ವಕೀಲರನ್ನಿಟ್ಟು ಹೋರಾಡಿ, 1997ರಲ್ಲಿ ರಾಜಿಯಾಗಿ ಆ ಹೆಸರು ಟೊರ್ವಾಲ್ಡ್ಸ್ ಅವರಿಗೆ ಬಂದು ಸೇರಿತು. ಆ ಹೊತ್ತಿಗಾಗಲೇ ಸಾವಿರಾರು ಜನ ಬಳಸುತ್ತಿದ್ದ ಹೆಸರೊಂದು ಪರೀಕ್ಷಕರ ಕಣ್ಣಿಗೆ ಬೀಳದೆ ಹೋದದ್ದು ಹೇಗೆ? ಅವರು ಹುಡುಕಿದ ಜಾಗದಲ್ಲಿ ಅದು ಇರಲಿಲ್ಲ. ಮಾರುಕಟ್ಟೆಯಲ್ಲಿ ಬೆಲೆಪಟ್ಟಿ ಇಲ್ಲದ ವಸ್ತುವಿಗೆ ಒಡೆಯರಿಲ್ಲವೆಂದು ತಿಳಿದುಬಿಡುವುದು ಸುಲಭ.

ಇಪ್ಪತ್ತು ವರ್ಷ ಕಳೆದರೂ ಅದೇ ಘಟನೆ ಮರುಕಳಿಸಿತು. 1997ರಿಂದ ಬೆಳೆದುಬಂದ, ಲಿನಕ್ಸ್ ಕಂಪ್ಯೂಟರುಗಳ ಪರದೆಯ ಮೇಲೆ ಕೋಟ್ಯಂತರ ಜನ ಕಂಡಿರುವ ಗ್ನೋಮ್ ಎಂಬ ಯೋಜನೆಯಿದೆ. ಅದರ ಹೆಸರು ಅಮೆರಿಕದಲ್ಲಿ 2006ರಲ್ಲೇ ನೋಂದಣಿಯಾಗಿತ್ತು. ಹಾಗಿದ್ದೂ 2014ರಲ್ಲಿ ಗ್ರೂಪಾನ್ ಕಂಪನಿ ಅಂಗಡಿಗಳಲ್ಲಿ ಬಿಲ್ಲು ಹಾಕುವ ತನ್ನ ಟ್ಯಾಬ್ಲೆಟ್ ವ್ಯವಸ್ಥೆಗೆ ಅದೇ ಹೆಸರಿಟ್ಟು 28 ಟ್ರೇಡ್‌ಮಾರ್ಕ್ ಅರ್ಜಿಗಳನ್ನು ಸಲ್ಲಿಸಿತು. ಮೊದಲ ಹತ್ತು ಅರ್ಜಿಗಳಿಗೆ ತಕರಾರು ಹಾಕಲು 80,000 ಡಾಲರ್ ಬೇಕೆಂದು ಗ್ನೋಮ್ ಫೌಂಡೇಶನ್ ನವೆಂಬರ್ 11ರಂದು ಜನರ ಮುಂದೆ ಕೈಚಾಚಿತು. ಜನರ ಆಕ್ರೋಶ ಎಷ್ಟಿತ್ತೆಂದರೆ ಹೆಚ್ಚು ಹೊತ್ತಾಗುವ ಮೊದಲೇ ಗ್ರೂಪಾನ್ ಹಿಂದೆ ಸರಿಯಿತು. ಇದನ್ನು ನಾವೆಲ್ಲ ಗೆಲುವೆಂದು ಸಂಭ್ರಮಿಸಿದೆವು. ಈಗ ಯೋಚಿಸಿದರೆ ಸಂಭ್ರಮಿಸಬಾರದಿತ್ತು ಎನಿಸುತ್ತದೆ. ಲೋಕಪ್ರಸಿದ್ಧವಾದ, ನೋಂದಣಿಯೂ ಇದ್ದ ಹೆಸರಿಗೇ ಭಿಕ್ಷೆ ಎತ್ತಬೇಕಾಯಿತೆಂದರೆ ದಾವಣಗೆರೆಯ ನಾಲ್ವರು ಮೇಷ್ಟ್ರುಗಳ ಪರವಾಗಿ ಆಕ್ರೋಶ ಪಡುವವರು ಯಾರಿದ್ದಾರೆ?

ಭಾರತದ ಕಾನೂನಿಗೆ ಬರುತ್ತೇನೆ. ಇಂಟರ್ನೆಟ್ಟಿನ ಹೆಸರುಗಳ ವಿಚಾರದಲ್ಲಿ ನಮ್ಮ ನ್ಯಾಯಾಲಯಗಳು ಹಿಂದೆ ಬಿದ್ದಿಲ್ಲ, ಆ ದಾರಿಯಲ್ಲಿ ಬೆಂಗಳೂರಿನದೇ ಒಂದು ಮೊಕದ್ದಮೆ ಮೈಲಿಗಲ್ಲಾಗಿ ನಿಂತಿದೆ. ಸತ್ಯಂ ಇನ್ಫೋವೇ ಕಂಪನಿ ತನ್ನ ಹೆಸರಿನಿಂದ ಸಿಫಿ ಎಂಬ ಪದವನ್ನು ಕಟ್ಟಿಕೊಂಡು 1999ರಲ್ಲಿ ಅದರ ಸುತ್ತ ಹಲವು ವೆಬ್‌ಸೈಟ್ ಹೆಸರುಗಳನ್ನು ಪಡೆದಿತ್ತು. ಒಂದು ಎಫ್ ಅಕ್ಷರವನ್ನು ಹೆಚ್ಚಿಗೆ ಸೇರಿಸಿ ಇನ್ನೊಂದು ಸಂಸ್ಥೆ 2001ರಲ್ಲಿ ಸಿಫಿನೆಟ್ ಎಂದು ಕರೆದುಕೊಂಡಿತು. ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು, ಕರ್ನಾಟಕ ಹೈಕೋರ್ಟು ಅದನ್ನು ತೆರವು ಮಾಡಿತು, 2004ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಮತ್ತೆ ಸತ್ಯಂ ಇನ್ಫೋವೇ ಪರವಾಗಿ ತೀರ್ಪಿತ್ತಿತು. ವೆಬ್‌ಸೈಟಿನ ವಿಳಾಸವೂ ಟ್ರೇಡ್‌ಮಾರ್ಕಿನಂತೆಯೇ ಗುರುತಾಗಬಲ್ಲದು, ಅದನ್ನು ನಕಲು ಮಾಡಿದರೆ ಪ್ರತ್ಯೇಕ ಕಾನೂನು ಇಲ್ಲದಿದ್ದರೂ ಟ್ರೇಡ್‌ಮಾರ್ಕಿನ ತತ್ವಗಳ ಅಡಿಯಲ್ಲೇ ಪರಿಹಾರವುಂಟು ಎಂದು ಆ ತೀರ್ಪು ಹೇಳಿತು. ಹೊಸ ಬಗೆಯ ಬಳಕೆಯನ್ನು ಹಳೆಯ ಕಾನೂನಿನೊಳಗೇ ಕಾಣುವ ಈ ಕಣ್ಣನ್ನೇ ನಾನು ತಮ್ಮ ಕಚೇರಿಯಿಂದಲೂ ನಿರೀಕ್ಷಿಸುತ್ತೇನೆ.

ಸದ್ಯದ ಪದ್ಧತಿ ಹಾಗಿಲ್ಲ. 2017ರ ನಿಯಮಾವಳಿಯ 33ನೆಯ ನಿಯಮದಂತೆ ಪರೀಕ್ಷಕರು ಹುಡುಕಬೇಕಾದದ್ದು ಈಗಾಗಲೇ ನೋಂದಣಿಯಾದ ಅಥವಾ ಅರ್ಜಿ ಹಾಕಲಾದ ಹೆಸರುಗಳ ನಡುವೆ. ವಹಿಯೊಳಗೆ ಇಲ್ಲದವರನ್ನು ವಹಿಯೊಳಗೇ ಹುಡುಕಿದರೆ ಸಿಗುವುದೆಲ್ಲಿಂದ? ಇನ್ನು ಮೊದಲಿನಿಂದ ಬಳಸುತ್ತಿದ್ದವರ ಹಕ್ಕನ್ನು ಆಧರಿಸಿ ಅರ್ಜಿಯನ್ನು ನಿರಾಕರಿಸಬೇಕಾದರೆ, ಆ ಮೊದಲಿನ ಹೆಸರಿನವರೇ ಬಂದು ತಕರಾರು ಹಾಕಿರಬೇಕು ಎಂದು ಕಾಯಿದೆಯ 11ನೆಯ ಕಲಮಿನ 5ನೆಯ ಉಪಕಲಮು ತಮ್ಮ ಕೈಯನ್ನು ಕಟ್ಟಿದೆ. ವ್ಯಾಪಾರಸ್ಥರಿಗೆ ಇದು ನ್ಯಾಯವಾಗಿಯೇ ಇರಬಹುದು, ಅವರಿಗೆ ವಕೀಲರಿದ್ದಾರೆ, ಜರ್ನಲ್ ನೋಡುವ ಗುಮಾಸ್ತರಿದ್ದಾರೆ. ಬಿಡುವಿನ ವೇಳೆಯಲ್ಲಿ ಊರಿಗೆಂದು ಕೆಲಸ ಮಾಡುವವರಿಗೆ ನಾಲ್ಕು ತಿಂಗಳ ಗಡುವು ಕಣ್ಣೆದುರೇ ಕಾಣದಂತೆ ಕಳೆದುಹೋಗುತ್ತದೆ.

ಉಚಿತವಾಗಿ ಹಂಚಿದ್ದು ವ್ಯಾಪಾರದ ಬಳಕೆಯೇ ಅಲ್ಲ ಎಂಬ ವಾದವನ್ನು ನಮ್ಮ ಎದುರು ಪಕ್ಷದವರು ಮುಂದಿಟ್ಟಿದ್ದಾರೆ. ಟ್ರೇಡ್‌ಮಾರ್ಕ್ ಎಂಬುದರ ವ್ಯಾಖ್ಯೆಯಲ್ಲಿ ವ್ಯಾಪಾರದ ಸಂಬಂಧದ ಮಾತಿರುವುದು ನಿಜ. ಆದರೆ ಅದೇ ಕಾಯಿದೆ ಸೇವೆ ಎಂದರೇನು ಎಂಬುದನ್ನು ಹೇಳುವಾಗ, ಬಳಸಬಹುದಾದವರಿಗೆ ದೊರಕುವಂತೆ ಮಾಡಿದ ಯಾವುದೇ ಬಗೆಯ ಸೇವೆ ಎಂದು ಆರಂಭಿಸುತ್ತದೆ, ಆ ಪಟ್ಟಿಯೊಳಗೆ ಶಿಕ್ಷಣವೂ ಇದೆ. ಬೆಲೆಯ ಮಾತು ಆ ವ್ಯಾಖ್ಯೆಯಲ್ಲಿ ಇಲ್ಲ. ಕೇಂದ್ರ ಸರ್ಕಾರವೇ 2015ರಲ್ಲಿ ತನ್ನ ಇಲಾಖೆಗಳಲ್ಲಿ ಓಪನ್ ಸೋರ್ಸ್ ತಂತ್ರಾಂಶಕ್ಕೆ ಆದ್ಯತೆ ಕೊಡುವ ನೀತಿಯನ್ನು ಪ್ರಕಟಿಸಿತು. ಸರ್ಕಾರ ನೆಚ್ಚಿಕೊಳ್ಳಲು ಯೋಗ್ಯವಾದ ವಸ್ತು, ಹೆಸರಿನ ರಕ್ಷಣೆಯ ಪ್ರಶ್ನೆ ಬಂದಾಗ ಲೆಕ್ಕಕ್ಕಿಲ್ಲದ್ದಾಗುವುದು ಹೇಗೆ ಸರಿಯಾದೀತು?

ಹೊರದೇಶಗಳಲ್ಲಿ ಹುಟ್ಟಿದ ಮುಕ್ತ ತಂತ್ರಾಂಶಗಳಿಗೂ ಇಲ್ಲಿ ಅಪಾಯವಿದೆ. ಟೊಯೊಟಾ ಕಂಪನಿ ಜಪಾನಿನಲ್ಲಿ 1997ರಲ್ಲೇ ಬಳಸುತ್ತಿದ್ದ ಪ್ರಿಯಸ್ ಎಂಬ ಹೆಸರಿನ ಮೊಕದ್ದಮೆಯಲ್ಲಿ ನಮ್ಮ ಸುಪ್ರೀಂ ಕೋರ್ಟು 2017ರ ಡಿಸೆಂಬರಿನಲ್ಲಿ, ಲೋಕದ ಬೇರೆಡೆಯ ಖ್ಯಾತಿ ಸಾಲದು, ಇಲ್ಲಿಯವರು ಆ ಹೆಸರನ್ನು ಬಳಸತೊಡಗಿದ ಹೊತ್ತಿಗೆ ಭಾರತದಲ್ಲೇ ಅದಕ್ಕೆ ಸಾಕಷ್ಟು ಹೆಸರಿತ್ತು ಎಂಬುದಕ್ಕೆ ಪುರಾವೆ ಬೇಕು ಎಂದಿತು. ಕಾರಿಗೆ ಆ ಅಳತೆ ಒಪ್ಪುತ್ತದೆ, ಕಾರು ಹಡಗಿನಲ್ಲಿ ಬರುತ್ತದೆ, ಅದಕ್ಕೆ ಆಮದಿನ ರಸೀದಿ ಇರುತ್ತದೆ. ಹುಬ್ಬಳ್ಳಿಯ ವಿದ್ಯಾರ್ಥಿಯೊಬ್ಬ ಇಳಿಸಿಕೊಂಡ ತಂತ್ರಾಂಶಕ್ಕೆ ರಸೀದಿ ಎಲ್ಲಿಂದ ತರುವುದು? ತಂತ್ರಾಂಶ ಬರೆಯಲು ಬಳಸುವ ಪೈಥಾನ್ ಭಾಷೆಯ ಹೆಸರಿಗೆ ಯುರೋಪಿನಲ್ಲಿ ಬ್ರಿಟನ್ನಿನ ಹೋಸ್ಟಿಂಗ್ ಸಂಸ್ಥೆಯೊಂದು, ಅಂದರೆ ವೆಬ್‌ಸೈಟುಗಳಿಗೆ ಜಾಗ ಒದಗಿಸುವ ಸಂಸ್ಥೆಯೊಂದು, ಅರ್ಜಿ ಹಾಕಿದಾಗ, 2013ರ ಫೆಬ್ರವರಿಯಲ್ಲಿ ಪೈಥಾನ್ ಸಾಫ್ಟ್‌ವೇರ್ ಫೌಂಡೇಶನ್ ಮಾಡಿದ್ದು ಇದಕ್ಕೆ ಒಳ್ಳೆಯ ಉತ್ತರ. ಯುರೋಪಿನ ಕಂಪನಿಗಳಿಂದ ನಾವು ಪೈಥಾನ್ ಬಳಸುತ್ತೇವೆ ಎಂಬ ಪತ್ರಗಳನ್ನು, ಪೈಥಾನ್ ಬಲ್ಲವರು ಬೇಕೆಂಬ ಉದ್ಯೋಗ ಜಾಹೀರಾತುಗಳನ್ನು, ಅಲ್ಲಿ ಅಚ್ಚಾದ ಪುಸ್ತಕ ಪತ್ರಿಕೆಗಳ ಪ್ರತಿಗಳನ್ನು ಅದು ಕೇಳಿ ಪಡೆಯಿತು. ಮರುತಿಂಗಳೇ ರಾಜಿಯಾಗಿ ಆ ಅರ್ಜಿ ವಾಪಸಾಯಿತು. ಮುಕ್ತ ತಂತ್ರಾಂಶದ ಖ್ಯಾತಿ ಬಳಕೆದಾರರ ಬಾಯಲ್ಲಿರುತ್ತದೆ, ಮಾರಾಟದ ಲೆಕ್ಕಪುಸ್ತಕದಲ್ಲಿ ಇರುವುದಿಲ್ಲ. ಪುರಾವೆಯನ್ನೂ ಅಲ್ಲಿಯೇ ಹುಡುಕಬೇಕು.

ನ್ಯಾಯದ ಮಾತಾಡುವವನು ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಹೆಸರಿನ ಹಕ್ಕು ಮುಕ್ತ ತಂತ್ರಾಂಶದವರ ಕೈಯಲ್ಲೇ ಬಿಗಿಯಾದ ಹಗ್ಗವಾದ ಉದಾಹರಣೆಗಳೂ ಇವೆ. ಕೋಡನ್ನು ತಾವು ತಿದ್ದುವುದಾದರೆ ಫೈರ್‌ಫಾಕ್ಸ್ ಎಂಬ ಹೆಸರು ಬಳಸುವಂತಿಲ್ಲವೆಂದು ಆ ಬ್ರೌಸರನ್ನು ರೂಪಿಸುವ ಮೊಜಿಲ್ಲಾ ಪಟ್ಟು ಹಿಡಿದಾಗ 2006ರಲ್ಲಿ, ಲಿನಕ್ಸ್ ಆಧಾರಿತ ತಂತ್ರಾಂಶಗಳನ್ನು ಒಟ್ಟುಗೂಡಿಸಿ ಹಂಚುವ ಡೆಬಿಯನ್ ಬಳಗದವರು ಅದೇ ಬ್ರೌಸರನ್ನು ಐಸ್‌ವೀಸಲ್ ಎಂದು ಕರೆದರು, ಹಳೆಯ ಹೆಸರು ಮರಳಲು ಹತ್ತು ವರ್ಷ ಹಿಡಿಯಿತು. 2024ರಲ್ಲಿ, ವೆಬ್‌ಸೈಟ್ ಕಟ್ಟುವ ಮುಕ್ತ ತಂತ್ರಾಂಶವಾದ ವರ್ಡ್‌ಪ್ರೆಸ್‌ನ ಹೆಸರಿನ ಬಳಕೆಯನ್ನು ಮುಂದಿಟ್ಟುಕೊಂಡು ಆಟೊಮ್ಯಾಟಿಕ್ ಕಂಪನಿ ಡಬ್ಲ್ಯೂಪಿ ಎಂಜಿನ್ ಎಂಬ ಹೋಸ್ಟಿಂಗ್ ಕಂಪನಿಯ ಆದಾಯದಲ್ಲಿ ಶೇಕಡಾ 8ರಷ್ಟನ್ನು ಕೇಳಿತು. ಜಗಳ ಬೆಳೆದು, ವರ್ಡ್‌ಪ್ರೆಸ್‌ನ ಮುಖ್ಯ ತಾಣದಿಂದ ಆ ಕಂಪನಿಯನ್ನು ಹೊರಗಿಟ್ಟು, ಅದರ ಗ್ರಾಹಕರು ತಮ್ಮ ವೆಬ್‌ಸೈಟುಗಳನ್ನು ಎಂದಿನಂತೆ ನವೀಕರಿಸಲಾಗದೆ ಒದ್ದಾಡಿದರು. ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಲಯ ತಡೆಯಾಜ್ಞೆ ಕೊಟ್ಟು ಆ ಬಾಗಿಲನ್ನು ತೆರೆಸಬೇಕಾಯಿತು. ಆದ್ದರಿಂದ ಮುಕ್ತ ತಂತ್ರಾಂಶದವರಿಗೆ ಹೆಸರಿನ ಮೇಲೆ ಮಿತಿಯಿಲ್ಲದ ಅಧಿಕಾರ ಕೊಡಿ ಎಂದು ನಾನು ಕೇಳುತ್ತಿಲ್ಲ. ಇದು ಇಂಥ ತಂತ್ರಾಂಶದೊಂದಿಗೆ ಹೊಂದಿಕೊಂಡು ನಡೆಯುತ್ತದೆ ಎಂದು ಹೇಳಲು ಯಾರಿಗೂ ಅಡ್ಡಿಯಿರಬಾರದು. ಕಾಯಿದೆಯ 30ನೆಯ ಕಲಮು ಅದಕ್ಕೆ ಜಾಗ ಬಿಟ್ಟಿರುವುದು ಸರಿಯಾಗಿಯೇ ಇದೆ. ಹೊರಗಿನವರು ಬಂದು ಹೆಸರನ್ನೇ ಎತ್ತಿಕೊಂಡು ಹೋಗಿ, ಇಟ್ಟವರನ್ನೇ ಆಚೆ ಹಾಕುವುದನ್ನು ತಡೆಯಿರಿ ಎಂಬಷ್ಟೇ ನನ್ನ ಬೇಡಿಕೆ.

ತಮ್ಮ ಅಧಿಕಾರದೊಳಗೇ ಆಗಬಹುದಾದ ಕೆಲಸಗಳನ್ನು ಮೊದಲು ಕೋರುತ್ತೇನೆ. 9 ಮತ್ತು 42ನೆಯ ವರ್ಗಗಳಲ್ಲಿ ತಂತ್ರಾಂಶದ ಹೆಸರಿಗೆ ಅರ್ಜಿ ಬಂದಾಗ ಪರೀಕ್ಷಕರು ವಹಿಯ ಜೊತೆಗೆ ಸಾರ್ವಜನಿಕ ಕೋಡ್ ಭಂಡಾರಗಳಲ್ಲಿ, ಡೆಬಿಯನ್‌ನಂಥ ವಿತರಣೆಗಳ ಪಟ್ಟಿಗಳಲ್ಲಿ, ಆ್ಯಪ್ ಅಂಗಡಿಗಳಲ್ಲಿ ಒಮ್ಮೆ ಹುಡುಕುವಂತೆ ಸುತ್ತೋಲೆ ಹೊರಡಿಸಬೇಕು. ಅರ್ಧ ಗಂಟೆಯೂ ಹಿಡಿಯದ ಕೆಲಸವಿದು. ಅದೇ ಹೆಸರು, ಅದೇ ಬಗೆಯ ತಂತ್ರಾಂಶ ಸಿಕ್ಕಿದರೆ, ಜನರನ್ನು ಮೋಸಗೊಳಿಸುವ ಅಥವಾ ಗೊಂದಲಕ್ಕೆ ಈಡುಮಾಡುವ ಹೆಸರನ್ನು ನೋಂದಾಯಿಸಬಾರದು ಎನ್ನುವ 9ನೆಯ ಕಲಮಿನ 2ನೆಯ ಉಪಕಲಮಿನ ಅಡಿಯಲ್ಲಿ ಅರ್ಜಿದಾರರಿಗೆ ಒಂದು ಪ್ರಶ್ನೆ ಕೇಳಬಹುದು. ಈ ಉಪಕಲಮನ್ನು ಬಳಸಲು ಯಾರ ತಕರಾರಿಗೂ ಕಾಯಬೇಕಿಲ್ಲ. ನಮ್ಮ ವಿಷಯದಲ್ಲಿ ಆ ಒಂದು ಪ್ರಶ್ನೆ ಕೇಳಿದ್ದರೆ ಮುಂದಿನ ಇಷ್ಟೂ ವರ್ಷಗಳ ಓಡಾಟ ಉಳಿಯುತ್ತಿತ್ತು.

ಬಳಕೆಗೆ ಪುರಾವೆ ಯಾವುದು ಎಂಬುದನ್ನೂ ಆ ಸುತ್ತೋಲೆ ಸ್ಪಷ್ಟಪಡಿಸಬೇಕು. ಆವೃತ್ತಿಗಳ ಇತಿಹಾಸ, ಬಿಡುಗಡೆಯ ಟಿಪ್ಪಣಿಗಳು, ಬಳಕೆದಾರರು ಬರೆದ ದೂರು ಸಲಹೆಗಳು, ಅನುವಾದಕರ ಪಟ್ಟಿ, ಇವೆಲ್ಲ ಬಿಲ್ಲು ಜಾಹೀರಾತುಗಳಷ್ಟೇ ತೂಕದ ಪುರಾವೆಗಳೆಂದು ಒಪ್ಪಿಕೊಳ್ಳಬೇಕು. ಈ ವೃತ್ತಿಯವನಾಗಿ ಒಂದು ಎಚ್ಚರಿಕೆಯ ಮಾತನ್ನು ನಾನೇ ಹೇಳಿಬಿಡುತ್ತೇನೆ: ಕೋಡಿಗೆ ಮಾಡಿದ ಬದಲಾವಣೆಗಳನ್ನು ದಾಖಲಿಸುವ ಗಿಟ್ ವ್ಯವಸ್ಥೆಯಲ್ಲಿ ಅವುಗಳ ದಿನಾಂಕವನ್ನು ಬರೆಯುವವರು ತಮಗೆ ಬೇಕಾದಂತೆ ನಮೂದಿಸಲು ಸಾಧ್ಯವಿದೆ, ಹಾಗಾಗಿ ಅದೊಂದನ್ನೇ ನಂಬಬಾರದು. ಮೂರನೆಯವರು ಕಾಯ್ದಿಟ್ಟ ಪ್ರತಿಗಳು, ಅಂದರೆ ಇಂಟರ್ನೆಟ್ ಆರ್ಕೈವ್, ಸಾಫ್ಟ್‌ವೇರ್ ಹೆರಿಟೇಜ್ ಮೊದಲಾದ ಸಾರ್ವಜನಿಕ ಸಂಗ್ರಹಗಳಲ್ಲಿ ದಾಖಲಾದ ದಿನಾಂಕಗಳು ಅದಕ್ಕಿಂತ ಗಟ್ಟಿ. ಇವನ್ನು ತಾಳೆ ನೋಡುವುದನ್ನು ಪರೀಕ್ಷಕರಿಗೆ ಕಲಿಸುವ ತರಬೇತಿ ಬೇಕಾದರೆ ಅದಕ್ಕೆ ಬೆಂಗಳೂರಿನಲ್ಲಿರುವ ಮುಕ್ತ ತಂತ್ರಾಂಶ ಬಳಗಗಳು ಸಂತೋಷದಿಂದ ನೆರವಾಗುತ್ತವೆ ಎಂಬ ಭರವಸೆ ನನಗಿದೆ.

ನಮ್ಮ ಹೆಸರು ಕನ್ನಡದ್ದು, ಅದೂ ನಿಘಂಟಿಗಿಂತ ಆಡುಮಾತಿನಲ್ಲೇ ಹೆಚ್ಚು ಬದುಕಿರುವ ಪದ. ಕನ್ನಡ ಲಿಪಿಯಲ್ಲಿ ಬರೆದ ಪದಕ್ಕೆ ಅರ್ಜಿ ಹಾಕುವವರು ಅದರ ಲಿಪ್ಯಂತರ, ಅನುವಾದ, ಭಾಷೆ ಇವನ್ನು ತಿಳಿಸಬೇಕೆಂಬ ನಿಯಮವಿದೆ. ಎದುರು ಪಕ್ಷದವರು ಅದನ್ನು ರೋಮನ್ ಅಕ್ಷರಗಳಲ್ಲಿ, ನಮ್ಮದಕ್ಕಿಂತ ಒಂದಿಷ್ಟು ಭಿನ್ನವಾದ ಕಾಗುಣಿತದಲ್ಲಿ ಬರೆದಿದ್ದರಿಂದ ಆ ಪದದ ಅರ್ಥವೇನೆಂದು ಯಾರೂ ಕೇಳಿದಂತಿಲ್ಲ. ಅದು ಅವರೇ ಹೊಸದಾಗಿ ಕಟ್ಟಿದ ಪದವೆಂಬಂತೆ ವಹಿಯಲ್ಲಿ ಕೂತಿದೆ. ಲಿಪಿ ಯಾವುದೇ ಇರಲಿ, ಪದ ಭಾರತೀಯ ಭಾಷೆಯೊಂದರದ್ದಾದರೆ ಭಾಷೆಯನ್ನೂ ಅರ್ಥವನ್ನೂ ತಿಳಿಸುವುದು ಕಡ್ಡಾಯವಾಗಬೇಕು. ಕನ್ನಡದ ದೀರ್ಘ ಹ್ರಸ್ವಗಳನ್ನು ಇಂಗ್ಲಿಷಿನಲ್ಲಿ ಬರೆಯುವ ನಾಲ್ಕಾರು ಬಗೆಗಳನ್ನೂ ತಮ್ಮ ಧ್ವನಿ ಆಧಾರಿತ ಹುಡುಕಾಟ ಒಟ್ಟಿಗೆ ಹಿಡಿಯುವಂತಾಗಬೇಕು.

ಶುಲ್ಕದ ವಿಚಾರವನ್ನು ಹೆಚ್ಚು ಎಳೆಯುವುದಿಲ್ಲ. ಆನ್‌ಲೈನ್ ಅರ್ಜಿಗೆ ವ್ಯಕ್ತಿಗಳು, ಸ್ಟಾರ್ಟಪ್‌ಗಳು, ಸಣ್ಣ ಉದ್ದಿಮೆಗಳು ಒಂದು ವರ್ಗಕ್ಕೆ 4,500 ರೂಪಾಯಿ ಕೊಟ್ಟರೆ ಉಳಿದವರು 9,000 ರೂಪಾಯಿ ಕೊಡಬೇಕೆಂದು 2017ರ ನಿಯಮಾವಳಿ ಗೊತ್ತುಮಾಡಿತು. ಲಾಭಕ್ಕೆಂದು ಹುಟ್ಟಿದ ಸ್ಟಾರ್ಟಪ್‌ಗೆ ಸಿಗುವ ಈ ರಿಯಾಯಿತಿಯಲ್ಲಿ ಲಾಭವನ್ನೇ ಬಯಸದ ಸ್ವಯಂಸೇವಕ ಬಳಗಗಳ ಪ್ರಸ್ತಾಪವಿಲ್ಲ. ಅವರನ್ನು ಆ ಸಾಲಿಗೆ ಸೇರಿಸುವುದು ಕಷ್ಟವಾಗಲಾರದು. ಅದಕ್ಕಿಂತ ಮುಖ್ಯವಾದದ್ದು ಸುದ್ದಿ ತಲುಪಿಸುವುದು. ತನ್ನ ತಂತ್ರಾಂಶದ ಹೆಸರನ್ನು ಒಮ್ಮೆ ಕೊಟ್ಟಿಟ್ಟವರಿಗೆ, ಅದನ್ನು ಹೋಲುವ ಹೆಸರು ಜರ್ನಲ್‌ನಲ್ಲಿ ಬಂದ ವಾರವೇ ಒಂದು ಇಮೇಲ್ ಹೋಗುವ ಏರ್ಪಾಡಾದರೆ ನಾಲ್ಕು ತಿಂಗಳ ಗಡುವು ನಿಜವಾದ ಗಡುವಾಗುತ್ತದೆ.

ಕಾಯಿದೆಯನ್ನು ತಿದ್ದುವುದು ಸಂಸತ್ತಿನ ಕೆಲಸ ಎಂಬುದನ್ನು ಬಲ್ಲೆ. ಆದರೂ 11ನೆಯ ಕಲಮಿನ 5ನೆಯ ಉಪಕಲಮಿನಿಂದ ಆಗುತ್ತಿರುವ ತೊಂದರೆಯನ್ನು ಸಂಬಂಧಪಟ್ಟ ಸಚಿವಾಲಯಕ್ಕೆ ವರದಿ ಮಾಡುವ ಸ್ಥಾನದಲ್ಲಿ ತಾವಿದ್ದೀರಿ. ಪರೀಕ್ಷಕರ ಕಣ್ಣಿಗೇ ಬಿದ್ದ ಮೊದಲ ಬಳಕೆಯನ್ನು, ಬಳಸಿದವರು ಬಂದು ತಕರಾರು ಹಾಕದ ಕಾರಣಕ್ಕೆ ಕಾಣದಂತೆ ದಾಟಿಹೋಗಬೇಕಾದ ಸ್ಥಿತಿ ಬದಲಾಗಬೇಕು. ತಪ್ಪಾಗಿ ಸೇರಿದ ನಮೂದನ್ನು ನೋಟಿಸು ಕೊಟ್ಟು ತಾವಾಗಿಯೇ ತಿದ್ದುವ ಅಧಿಕಾರ 57ನೆಯ ಕಲಮಿನ 4ನೆಯ ಉಪಕಲಮಿನಲ್ಲಿ ಇಂದಿಗೂ ಇದೆ. ಮುಕ್ತ ತಂತ್ರಾಂಶದ ಹೆಸರುಗಳು ಹೀಗೆ ಕೈತಪ್ಪಿದ ಪ್ರಕರಣಗಳಲ್ಲಿ ಆ ಅಧಿಕಾರವನ್ನು ಚಲಾಯಿಸಬೇಕೆಂದೂ, ಅಂಥ ರದ್ದತಿ ಅರ್ಜಿಗಳು ತೀರ್ಮಾನವಾಗುವವರೆಗೆ ಆ ನೋಂದಣಿ ವಿವಾದದಲ್ಲಿದೆ ಎಂಬ ಟಿಪ್ಪಣಿ ಸಾರ್ವಜನಿಕ ವಹಿಯಲ್ಲಿ ಹೊರಗಿನವರಿಗೂ ಎದ್ದು ಕಾಣುವಂತಿರಬೇಕೆಂದೂ ಕೋರುತ್ತೇನೆ. ಅಂಥ ಟಿಪ್ಪಣಿಯನ್ನು ತೋರಿಸಲು ಸಾಧ್ಯವಿದ್ದಿದ್ದರೆ ಆ್ಯಪ್ ಅಂಗಡಿಯವರು ನಮ್ಮ ಮಾತನ್ನೂ ಕೇಳುತ್ತಿದ್ದರೇನೋ.

ನಾವು ಸದ್ಯಕ್ಕೆ ತಂತ್ರಾಂಶವನ್ನು ಬೇರೆ ಹೆಸರಿನಲ್ಲಿ ಬಿಡುಗಡೆ ಮಾಡಿದ್ದೇವೆ. ಹಳೆಯ ಹೆಸರಿನಲ್ಲೇ ಹುಡುಕುವ ಗ್ರಂಥಪಾಲಕರಿಗೆ ಅದು ಸಿಗುವುದಿಲ್ಲವಾದ್ದರಿಂದ ಗೆಳೆಯರೊಬ್ಬರು ರಜೆಯ ದಿನಗಳಲ್ಲಿ ತಾಲ್ಲೂಕಿನಿಂದ ತಾಲ್ಲೂಕಿಗೆ ಹೋಗಿ ಹೊಸ ಹೆಸರನ್ನು ಹೇಳಿ ಬರುತ್ತಿದ್ದಾರೆ. 2014ರಿಂದ ಇಂದಿನವರೆಗಿನ ಎಲ್ಲ ಆವೃತ್ತಿಗಳು, ಅವುಗಳ ದಿನಾಂಕಗಳು, ಗ್ರಂಥಪಾಲಕರು ಆಗಾಗ ಬರೆದ ಪತ್ರಗಳು ನಮ್ಮ ಬಳಿ ಭದ್ರವಾಗಿವೆ. ತಮ್ಮ ಕಚೇರಿ ಯಾವ ದಿನ ಕರೆದರೂ, ಚೆನ್ನೈಗಾಗಲಿ ಮುಂಬಯಿಗಾಗಲಿ, ಅವನ್ನೆಲ್ಲ ತಂದು ಪರೀಕ್ಷಕರ ಮೇಜಿನ ಮೇಲಿಟ್ಟು, ಅವುಗಳನ್ನು ತಾಳೆ ನೋಡುವ ಬಗೆಯನ್ನು ವಿವರಿಸಲು ನಾನು ಸಿದ್ಧನಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಗ್ರಂಥಾಲಯ ತಂತ್ರಾಂಶ ಬಳಗದ ಪರವಾಗಿ,
ಒಬ್ಬ ಉಪನ್ಯಾಸಕ,
ದಾವಣಗೆರೆ ಜಿಲ್ಲೆ.